ನಾಲು ಹೊಡೆಸೋ ಮುಂಚೆ ಗೊರಸು ನೋಡಿ

ಕುದುರೆಗೆ ನಾಲು ಬೇಕಾ, ಬೇಡವಾ? ದೇವದುರ್ಗ ತಾಲ್ಲೂಕಿನಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಸಿಗುತ್ತವೆ. ಕುರಿ ಹಿಂಡಿನ ಹಿಂದೆ ಗಂಟು-ಮೂಟೆ ಹೊತ್ತು ನಡೆಯುವ ಕುದುರೆಯವರನ್ನು ಕೇಳಿದರೆ, "ಕಲ್ಲಾಗ ಹುಟ್ಟಿ ಕಲ್ಲಾಗ ಬೆಳದದ, ಇದಕ್ಯಾತರ ನಾಲ್ರೀ" ಅಂತಾರೆ. ಮದುವೆ ಮೆರವಣಿಗೆಗೆ, ಜಾತ್ರೆಗೆ ಕುದುರೆ ಸಾಕಿದವರನ್ನು ಕೇಳಿದರೆ, "ನಾಲಿಲ್ಲದ ಕುದುರಿ ಚಪ್ಪಲಿ ಇಲ್ಲದ ಮನಷ್ಯಾ ಇದ್ದಂಗ" ಅಂತಾರೆ. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಸರಿಯೇ. ಆದರೆ ಒಬ್ಬರ ಮಾತನ್ನು ಇನ್ನೊಬ್ಬರ ಕುದುರೆಗೆ ಹಚ್ಚಿದಾಗ ಕುಂಟುವುದು ಕುದುರೆ.

ಬೇರೆ ಕಡೆಯ ಓದುಗರಿಗೆ ಒಂದು ಮಾತು. ನಾವು ನಾಲು ಅನ್ನುವುದನ್ನು ನೀವು ಲಾಳ ಅನ್ನುತ್ತೀರಿ. ಅದನ್ನು ಬಡಿಯುವವರನ್ನು ನಮ್ಮ ಕಡೆ ನಾಲಬಂದ ಅಂತ ಕರೆಯುತ್ತೇವೆ. ಈ ಬರಹ ಕುದುರೆ ಬಗ್ಗೆ ಶುರುವಾಗಿದ್ದರೂ ಎತ್ತು ಇರುವವರು ಅರ್ಧಕ್ಕೆ ಬಿಡಬೇಡಿ. ಕುದುರೆಗಿಂತ ನಿಮ್ಮ ಎತ್ತಿನ ಕಾಲಿಗೇ ಇದು ಹೆಚ್ಚು ಸಂಬಂಧಪಟ್ಟದ್ದು.

ಮೊದಲು ಕುರಿಗಾರರ ಮಾತು ಯಾಕೆ ಸರಿ ಅಂತ ನೋಡೋಣ. ಗೊರಸು ಅಂದರೆ ನಮ್ಮ ಉಗುರಿನ ಜಾತಿಯದೇ ವಸ್ತು. ಮೇಲಿನಿಂದ ಬೆಳೆಯುತ್ತಾ ಬರುತ್ತದೆ, ಕೆಳಗಿನಿಂದ ಸವೆಯುತ್ತದೆ. ಕುದುರೆಯ ಗೊರಸು ತಿಂಗಳಿಗೆ ಸುಮಾರು 6ರಿಂದ 9 ಮಿಲಿಮೀಟರ್ ಬೆಳೆಯುತ್ತದೆ. ಕೂದಲಿನ ಅಂಚಿನಲ್ಲಿ ಇವತ್ತು ಹುಟ್ಟಿದ ಗೊರಸು ಮುಂದಿನ ತುದಿಗೆ ಇಳಿದು ನೆಲ ಮುಟ್ಟಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಬೆಳೆದಷ್ಟೇ ಸವೆದರೆ ಲೆಕ್ಕ ಸರಿಹೋಯಿತು, ನಾಲಿನ ಮಾತೇ ಇಲ್ಲ. ಕುರಿಗಾರರ ಕುದುರೆಯಲ್ಲಿ ಆಗುವುದು ಇದೇ. ಅದು ಓಡುವುದಿಲ್ಲ, ಕುರಿ ಮೇಯ್ದಂತೆ ನಿಂತು ನಿಂತು ನಡೆಯುತ್ತದೆ. ಇವತ್ತು ಎರೆ ಹೊಲ, ನಾಳೆ ಗರಸು ನೆಲ, ನಾಡಿದ್ದು ಬಂಡೆ. ಬಂಡೆಯೇ ಅದಕ್ಕೆ ಕಾನಸು. ಮೇಲಾಗಿ ಅದು ಮರಿಯಾಗಿದ್ದಾಗಿಂದ ಇದೇ ಕಲ್ಲಿನ ಮೇಲೆ ತಾಯಿಯ ಹಿಂದೆ ನಡೆದದ್ದು. ಅಂಗಾಲು ದಪ್ಪಗಾಗಿದೆ, ಗೊರಸಿನ ನಡುವೆ ಇರುವ ಮೆತ್ತನೆಯ ಮೂರು ಮೂಲೆಯ ಭಾಗ ಅಗಲಗೊಂಡು ಗಟ್ಟಿಯಾಗಿದೆ.

ಆ ಮೆತ್ತನೆಯ ಭಾಗವನ್ನು ಬಹಳ ಜನ ನೋಡಿಯೇ ಇರುವುದಿಲ್ಲ. ಕಾಲು ಎತ್ತಿ ನೋಡಿ. ಕುದುರೆ ಹೆಜ್ಜೆ ಊರಿದಾಗ ಗೊರಸಿನ ಹಿಂಭಾಗ ಒಂಚೂರು ಅಗಲವಾಗುತ್ತದೆ, ಎತ್ತಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಹೊಡೆತ ತಡೆಯುವುದೂ, ಕಾಲಿನ ರಕ್ತ ಮೇಲಕ್ಕೆ ಹೋಗಲು ನೆರವಾಗುವುದೂ ಈ ಆಟವೇ. ಕಬ್ಬಿಣ ಬಡಿದರೆ ಆ ಆಟ ಕಡಿಮೆಯಾಗುತ್ತದೆ. ಇನ್ನೊಂದು, ಕಬ್ಬಿಣ ನುಣುಪು. ದೇವದುರ್ಗದ ಗುಡ್ಡದಲ್ಲಾಗಲಿ, ಮಸ್ಕಿ, ಮುದಗಲ್ ಕಡೆಯ ಬಂಡೆ ನೆಲದಲ್ಲಾಗಲಿ, ಹಾಸುಬಂಡೆಯ ಮೇಲೆ ನಾಲಿನ ಕಾಲು ಜಾರುತ್ತದೆ, ಬರಿಗೊರಸು ಹಿಡಿಯುತ್ತದೆ. ಮಳೆ ಬಿದ್ದ ಬಂಡೆಯಾದರಂತೂ ಕೇಳುವುದೇ ಬೇಡ. ನಮ್ಮಲ್ಲಿ ಎಷ್ಟೋ ಜನ ಗುಡ್ಡ ಹತ್ತುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುವುದಿಲ್ಲವೇ, ಹಾಗೆ.

ಇದು ನಮ್ಮ ಕುರಿಗಾರರು ಹೊಸದಾಗಿ ಕಂಡುಹಿಡಿದದ್ದಲ್ಲ. ಗ್ರೀಸ್ ದೇಶದ ಕ್ಸೆನೋಫೋನ್ ಎಂಬ ದಂಡನಾಯಕ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕುದುರೆ ಸಾಕುವುದರ ಬಗ್ಗೆ ಒಂದು ಪುಸ್ತಕ ಬರೆದ. ಆಗ ಅಲ್ಲಿ ಮೊಳೆ ಹೊಡೆಯುವ ನಾಲು ಇರಲಿಲ್ಲ. ಕುದುರೆ ನಿಲ್ಲುವ ಅಂಗಳದಲ್ಲಿ ಮುಷ್ಟಿ ಗಾತ್ರದ ದುಂಡು ಕಲ್ಲುಗಳನ್ನು ನಾಲ್ಕೈದು ಬಂಡಿಯಷ್ಟು ಸುರಿಯಿರಿ, ಅದರ ಮೇಲೆ ನಿಂತು ತುಳಿದು ತುಳಿದು ಗೊರಸು ಗಟ್ಟಿಯಾಗುತ್ತದೆ ಅಂತ ಆತ ಹೇಳಿದ್ದಾನೆ. ನಮ್ಮ ಕುರಿಗಾರರಿಗೆ ಕಲ್ಲು ಸುರಿಯುವ ಕೆಲಸ ಇಲ್ಲ, ದೇವರೇ ಸುರಿದಿದ್ದಾನೆ.

ಇನ್ನೊಂದು ಕಡೆ ನೋಡೋಣ. ಕುದುರೆ ನಮ್ಮ ನೆಲದ್ದಲ್ಲದಿದ್ದರೆ? ಹಳೆಯ ಕಾಲದಲ್ಲಿ ಇದು ರಾಜ್ಯಗಳನ್ನೇ ಕಾಡಿದ ಪ್ರಶ್ನೆ. 13ನೇ ಶತಮಾನದ ಕೊನೆಗೆ ತಮಿಳು ನಾಡಿನ ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಒಂದು ವಿಚಿತ್ರ ಸಂಗತಿ ಬರೆದಿದ್ದಾನೆ. ಅರಬ್ಬಿ ಕಡಲಿನಾಚೆಯಿಂದ ಹಡಗಿನಲ್ಲಿ ಕುದುರೆ ತಂದು ಮಾರುವ ವ್ಯಾಪಾರಿಗಳು, ಕುದುರೆಯ ಕಾಲು-ಗೊರಸು ನೋಡುವ ಕಸುಬುದಾರರನ್ನು ಮಾತ್ರ ಈ ಕಡೆ ಬರಗೊಡುತ್ತಿರಲಿಲ್ಲವಂತೆ. ಆರೈಕೆ ಗೊತ್ತಿಲ್ಲದೆ ಕುದುರೆಗಳು ಸತ್ತಷ್ಟೂ ಮುಂದಿನ ವರ್ಷ ಅವರಿಗೆ ವ್ಯಾಪಾರ! ಕುದುರೆ ಮಾರಾಟವಾಗಬೇಕು, ಕಸುಬು ಮಾತ್ರ ಕೈ ಬದಲಾಗಬಾರದು.

ನಮ್ಮ ರಾಯಚೂರಿಗೂ ಆ ಕುದುರೆ ವ್ಯಾಪಾರಕ್ಕೂ ನಂಟಿದೆ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಂದ ರಾಯಚೂರು ಕೋಟೆ ಗೆದ್ದಾಗ ಅವನ ಕಡೆ ಕೋವಿ ಹಿಡಿದು ನಿಂತ ಪೋರ್ಚುಗೀಸ್ ಕ್ರಿಸ್ಟೋವಾವ್ ಡಿ ಫಿಗೆರೆಡೊ ಬಂದಿದ್ದೇ ಕುದುರೆ ಮಾರಲು ಅಂತ ನೂನಿಜ್ ಬರೆದಿದ್ದಾನೆ. ಕೃಷ್ಣಾ-ತುಂಗಭದ್ರೆಯ ನಡುವಿನ ಈ ಕಲ್ಲು ನೆಲಕ್ಕಾಗಿ ಎಷ್ಟು ಯುದ್ಧ ನಡೆದವೋ, ಅಷ್ಟು ಸಲ ಮರಳುಗಾಡಿನ ಕುದುರೆಗಳು ನಮ್ಮ ಕಲ್ಲು ತುಳಿದಿವೆ. ದಖ್ಖನಿನ ಮೊಹರಂನಲ್ಲಿ ನಾಲಿನ ಆಕಾರದ ಆಲಂ ಕೂಡ ಇರುತ್ತದೆ, ನಾಲ್ ಸಾಹೇಬ ಅಂತ ಕೈಮುಗಿಯುತ್ತಾರೆ. ಹಸೇನ್-ಹುಸೇನರ ಹಬ್ಬವನ್ನು ಜಾತಿ ನೋಡದೆ ಮಾಡುವ ನಮ್ಮ ಹಳ್ಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗಲೂ ಹೊರಗಿನ ಕುದುರೆಗಳು ಬರುತ್ತಲೇ ಇವೆ. ಯುದ್ಧಕ್ಕಲ್ಲ, ಶೋಕಿಗೆ. ಮಹಾರಾಷ್ಟ್ರದ ಸಾರಂಗಖೇಡದಂಥ ಕುದುರೆ ಜಾತ್ರೆಗಳ ವಿಡಿಯೋ ನೋಡಿ, ಮಾರವಾಡಿ, ಕಾಠಿಯಾವಾಡಿ ತಳಿ ಅಂತ ಲಕ್ಷಗಟ್ಟಲೆ ಕೊಟ್ಟು ತರುವ ಹುಡುಗರು ನಮ್ಮ ಕಡೆಯೂ ಹುಟ್ಟಿಕೊಂಡಿದ್ದಾರೆ. ತರಲಿ, ತಪ್ಪೇನಿಲ್ಲ. ಮೈ ತಿಕ್ಕುತ್ತಾರೆ, ಕಡಲೆ ತಿನ್ನಿಸುತ್ತಾರೆ, ಕೊರಳಿಗೆ ಗೆಜ್ಜೆ ಕಟ್ಟುತ್ತಾರೆ, ಸ್ಟೇಟಸ್ ಇಡುತ್ತಾರೆ. ಕಾಲು ಎತ್ತಿ ನೋಡುವವರು ಮಾತ್ರ ಕಡಿಮೆ. ಮರಳು ನೆಲದಲ್ಲಿ, ಕೊಟ್ಟಿಗೆಯ ಮೆತ್ತನೆ ಹಾಸಿನಲ್ಲಿ ಬೆಳೆದ ಕುದುರೆಯ ಅಂಗಾಲು ತೆಳುವಾಗಿರುತ್ತದೆ. ಅದನ್ನು ತಂದ ವಾರಕ್ಕೇ ಬರಿಗೊರಸಿನಲ್ಲಿ ಜಲ್ಲಿ ಬಿದ್ದ ರಸ್ತೆಯಲ್ಲಿ ಓಡಿಸಿದರೆ ಅಂಗಾಲಿನೊಳಗೆ ರಕ್ತ ಹೆಪ್ಪುಗಟ್ಟುತ್ತದೆ, ಕೀವಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. "ನಿನ್ನೆ ಚೊಲೊ ಇತ್ತು, ಇವತ್ತು ಕುಂಟಾಕತ್ತದ, ಯಾರದೋ ಕಣ್ಣು ಬಿತ್ತು" ಅನ್ನುತ್ತಾರೆ. ಬಿದ್ದದ್ದು ಕಣ್ಣಲ್ಲ, ಕ್ರಷರ್ ಜಲ್ಲಿ.

ಜಲ್ಲಿಗೂ ಗುಡ್ಡದ ಕಲ್ಲಿಗೂ ಇರುವ ವ್ಯತ್ಯಾಸ ಇಲ್ಲಿ ದೊಡ್ಡದು. ಗುಡ್ಡದ ಕಲ್ಲು ಮಳೆ-ಗಾಳಿಗೆ ಸವೆದು ದುಂಡಗಾಗಿರುತ್ತದೆ, ಕುದುರೆ ನೋಡಿ ಕಾಲಿಡುತ್ತದೆ. ಕ್ರಷರ್ ಕಲ್ಲಿಗೆ ಎಲ್ಲ ಕಡೆ ಅಂಚು, ಅದರ ಕೆಳಗೆ ರೋಲರ್ ಓಡಿದ ಗಟ್ಟಿ ನೆಲ. ಕಲ್ಲು ಒಳಗೆ ಇಳಿಯುವುದಿಲ್ಲ, ಅಂಗಾಲಿಗೇ ಚುಚ್ಚುತ್ತದೆ. ಹೀಗಾಗಿ ನಮ್ಮ ತಾಲ್ಲೂಕಿನಲ್ಲಿ ಕುದುರೆಗೆ ಕಷ್ಟದ ನೆಲ ಗುಡ್ಡವಲ್ಲ, ಜಲ್ಲಿ ಸುರಿದು ತಿಂಗಳುಗಟ್ಟಲೆ ಡಾಂಬರು ಕಾಣದ ರಸ್ತೆ. ಇದಕ್ಕೆ ಯಾರನ್ನು ಬೈಯಬೇಕು ಅನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ಆ ಸುದ್ದಿಯನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ.

ಮೊಬೈಲ್‌ನಲ್ಲಿ ಇನ್ನೊಂದು ಗಾಳಿ ಬೀಸುತ್ತಿದೆ. ಅಮೆರಿಕ, ಯುರೋಪಿನಲ್ಲಿ ನಾಲು ಬಿಡಿಸಿ ಬರಿಗೊರಸಿನಲ್ಲೇ ಕುದುರೆ ಸಾಕುವವರ ಒಂದು ದೊಡ್ಡ ಗುಂಪಿದೆ. ನಾಲು ಹಿಂಸೆ, ಪ್ರಕೃತಿಗೆ ವಿರುದ್ಧ ಅನ್ನುತ್ತಾರೆ. ಅವರ ಮಾತಿನಲ್ಲಿ ತಿರುಳಿದೆ, ಆದರೆ ಪೂರ್ತಿ ಕೇಳಬೇಕು. ಅವರು ನಾಲು ಕಿತ್ತ ಮರುದಿನ ಹತ್ತಿ ಹೊರಡುವುದಿಲ್ಲ. ಆರು-ಎಂಟು ವಾರಕ್ಕೊಮ್ಮೆ ಗೊರಸು ತಿದ್ದುತ್ತಾರೆ, ತಿಂಗಳುಗಟ್ಟಲೆ ಮೆತ್ತನೆ ನೆಲದಿಂದ ಗಟ್ಟಿ ನೆಲಕ್ಕೆ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸುತ್ತಾರೆ. ಕಲ್ಲು ದಾರಿಯಲ್ಲಿ ದೂರ ಹೋಗುವಾಗ ಗೊರಸಿಗೆ ರಬ್ಬರ್ ಬೂಟು ತೊಡಿಸುತ್ತಾರೆ. ಅಂದರೆ ಅವರೂ ಸುಮ್ಮನೆ ಬರಿಗಾಲಲ್ಲಿ ಬಿಟ್ಟಿಲ್ಲ. ಅರ್ಧ ವಿಡಿಯೋ ನೋಡಿ ಟಾಂಗಾ ಕುದುರೆಯ ನಾಲು ಕಿತ್ತರೆ ಅದು ಬರಿಗೊರಸಿನ ವಿದ್ಯೆ ಆಗುವುದಿಲ್ಲ, ಖರ್ಚು ಉಳಿಸುವ ನೆಪ ಅಷ್ಟೇ.

ಈಗ ಎತ್ತಿಗೆ ಬರೋಣ.

ನಮ್ಮಲ್ಲಿ ಕುದುರೆ ಎಷ್ಟಿವೆ? ದೇಶದ ಲೆಕ್ಕವೇ ಇಳಿಮುಖ. 2012ರ ಜಾನುವಾರು ಗಣತಿಯಲ್ಲಿ ಭಾರತದಲ್ಲಿ ಕುದುರೆ ಮತ್ತು ತಟ್ಟುಗಳು ಸುಮಾರು 6.2 ಲಕ್ಷ ಇದ್ದವು, 2019ರಲ್ಲಿ 3.4 ಲಕ್ಷಕ್ಕೆ ಇಳಿದವು. ಏಳು ವರ್ಷದಲ್ಲಿ ನೂರಕ್ಕೆ 45ರಷ್ಟು ಮಾಯ. ನಾಲಬಂದರ ಹೊಟ್ಟೆ ತುಂಬುವುದು ಕುದುರೆಯಿಂದಲ್ಲ, ಎತ್ತಿನಿಂದ. ಎತ್ತಿನದು ಸೀಳು ಗೊರಸು. ಒಂದು ಕಾಲಿಗೆ ಎರಡು ಬಿಲ್ಲೆ, ನಾಲ್ಕೂ ಕಾಲಿಗೆ ಹೊಡೆಸಿದರೆ ಎಂಟು. ಕುದುರೆಯಂತೆ ನಿಲ್ಲಿಸಿಕೊಂಡು ಹೊಡೆಯಲು ಆಗುವುದಿಲ್ಲ, ಹಗ್ಗ ಹಾಕಿ ಕೆಡವಬೇಕು, ನಾಲ್ಕೂ ಕಾಲು ಕೂಡಿಸಿ ಕಟ್ಟಬೇಕು. ಕೆಡವುವುದೇ ಒಂದು ವಿದ್ಯೆ. ಗೊತ್ತಿಲ್ಲದವರು ಕೆಡವಿದರೆ ಕೋಡು ಮುರಿಯುತ್ತದೆ, ಪಕ್ಕೆಲುಬಿಗೆ ಪೆಟ್ಟಾಗುತ್ತದೆ.

ಹೊಲದಲ್ಲಷ್ಟೇ ದುಡಿಯುವ ಎತ್ತಿಗೆ ನಾಲು ಬೇಕಿಲ್ಲ. ಎರೆ ಮಣ್ಣಿನಲ್ಲಿ ಗೊರಸು ಸವೆಯುವುದಿಲ್ಲ, ಬದಲಿಗೆ ಉದ್ದ ಬೆಳೆದು ಮುಂದಕ್ಕೆ ಬಾಗುತ್ತದೆ, ತಿದ್ದಿಸಿದರೆ ಸಾಕು. ಆದರೆ ನಮ್ಮ ಎತ್ತುಗಳು ಹೊಲದಲ್ಲಷ್ಟೇ ಇರುತ್ತವೆಯೇ? ಹಳೆಯ ಕಟ್ಟಿಗೆ ಗಾಲಿಯ ಬಂಡಿ ಹೋಗಿ ಟೈರ್ ಬಂಡಿ ಬಂದ ಮೇಲೆ ಹೇರುವ ಭಾರ ಏರಿತು. ಮಣ್ಣಿನ ದಾರಿ ಹೋಗಿ ಡಾಂಬರು, ಸಿಸಿ ರಸ್ತೆ ಬಂದವು. ಭಾರ ಹೆಚ್ಚು, ನೆಲ ಒರಟು, ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ. ಇಲ್ಲಿ "ಕಲ್ಲಾಗ ಹುಟ್ಟಿದ್ದು" ಅನ್ನುವ ಮಾತು ನಡೆಯುವುದಿಲ್ಲ. ನಾಲು ಬೇಕೇ ಬೇಕು.

ಭಾರದ ಮಾತು ಬಂದಾಗ ರಾಯಚೂರು ಕೋಟೆ ನೆನಪಾಗದೆ ಇರದು. 1294ರ ಶಾಸನ ಇರುವ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲು ಆ ಗೋಡೆಯಲ್ಲಿದೆ. ಅದನ್ನು ಬಂಡಿ ಮೇಲೆ ಹೇರಿ ಸಾಲುಸಾಲು ಜಾನುವಾರು ಹೂಡಿ ಎಳೆದು ತಂದದ್ದನ್ನು ಗೋಡೆಯ ಮೇಲೇ ಗೀರಿ ತೋರಿಸಿದ್ದಾರೆ. ರಾಜನ ಹೆಸರು ಶಾಸನದಲ್ಲಿ ಉಳಿಯಿತು, ಎಳೆದವುಗಳ ಕಾಲಿಗೆ ಏನಾಯಿತೋ ಯಾರು ಬರೆದಾರು. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಟನ್‌ಗಟ್ಟಲೆ ತೂಕದ ಕಲ್ಲು ಎಳೆಯುವ ಎತ್ತುಗಳನ್ನು ನೋಡಲು ನಾವೂ ಹೋಗುತ್ತೇವೆ, ಶಿಳ್ಳೆ ಹೊಡೆಯುತ್ತೇವೆ. ಆ ಎತ್ತುಗಳ ಮಾಲೀಕರು ಗೊರಸಿನ ವಿಚಾರದಲ್ಲಿ ನಮ್ಮ ನಿಮ್ಮಂತೆ ಉದಾಸೀನ ಮಾಡುವುದಿಲ್ಲ. ಒಂದು ಕಾಲು ಜಾರಿದರೆ ವರ್ಷದ ತಯಾರಿ ನೀರುಪಾಲು ಅಂತ ಅವರಿಗೆ ಗೊತ್ತು. ಹಬ್ಬದ ಎತ್ತಿಗೆ ಇರುವ ಕಾಳಜಿ ದುಡಿಯುವ ಎತ್ತಿಗೆ ಯಾಕಿಲ್ಲ ಅನ್ನುವುದೇ ನಮ್ಮ ಕೇಳಿಕೆ.

ನಾಲಾವರಿ ಬಂದದ್ದೂ ಈ ಲೆಕ್ಕವನ್ನು ಬದಲಿಸಿದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿಯುವ ಹಳ್ಳಿಗಳಲ್ಲಿ ಎತ್ತು ತಿಂಗಳುಗಟ್ಟಲೆ ಕೆಸರಿನಲ್ಲಿ ನಿಲ್ಲುತ್ತದೆ. ನೀರಿನಲ್ಲಿ ನೆನೆದ ಗೊರಸು ಮೆತ್ತಗಾಗುತ್ತದೆ. ಗದ್ದೆಯಿಂದ ಎದ್ದ ಎತ್ತನ್ನು ಅವತ್ತೇ ಭತ್ತ ಹೇರಿ ಜಲ್ಲಿ ದಾರಿಗೆ ಹೂಡಿದರೆ ಒಣ ಭೂಮಿಯ ಎತ್ತು ತಡೆಯುವ ಪೆಟ್ಟನ್ನು ಇದು ತಡೆಯದು. ಕಲ್ಲಿನ ಮೇಲೆ ಒಣ ಗೊರಸು ಬೇರೆ, ನೆನೆದ ಗೊರಸು ಬೇರೆ. ಅಜ್ಜನ ಕಾಲದ ಎತ್ತು ನಾಲಿಲ್ಲದೆ ದೇವದುರ್ಗದಿಂದ ರಾಯಚೂರಿಗೆ ಬಂಡಿ ಎಳೆಯಿತು ಅಂತ ಜಂಬ ಕೊಚ್ಚುವವರು, ಅಜ್ಜನ ಕಾಲಕ್ಕೆ ಕಾಲುವೆ ಇರಲಿಲ್ಲ, ಡಾಂಬರೂ ಇರಲಿಲ್ಲ ಅನ್ನುವುದನ್ನು ಮರೆಯುತ್ತಾರೆ.

ಹಾಗಾದರೆ ನಾಲು ಹೊಡೆಸಿದರೆ ಮುಗಿಯಿತೇ? ನಾವು ಇಷ್ಟು ಉದ್ದ ಬರೆಯಲು ಕಾರಣವೇ ಈ ಪ್ರಶ್ನೆ. ನಾಲಿನ ಮೊಳೆ ಸಾಮಾನ್ಯ ಮೊಳೆಯಲ್ಲ. ಅದರ ತುದಿ ಒಂದು ಪಕ್ಕಕ್ಕೆ ಓರೆಯಾಗಿರುತ್ತದೆ. ಸರಿಯಾಗಿ ಹಿಡಿದು ಹೊಡೆದರೆ ಗೊರಸಿನ ಸತ್ತ ಭಾಗದೊಳಗೇ ಬಾಗಿ ಹೊರಗೋಡೆಯಿಂದ ಈಚೆ ಬರುತ್ತದೆ. ತಿರುಗಾ ಹಿಡಿದರೆ ಒಳಗೆ, ಜೀವ ಇರುವ ಮಾಂಸಕ್ಕೆ ಹೋಗುತ್ತದೆ. ವ್ಯತ್ಯಾಸ ಕೆಲವೇ ಮಿಲಿಮೀಟರ್. ನಾಲಬಂದ ಅದನ್ನು ಕಣ್ಣಿನಿಂದಲ್ಲ, ಸುತ್ತಿಗೆಯ ಸದ್ದಿನಿಂದ ತಿಳಿಯುತ್ತಾನೆ. ಗಟ್ಟಿ ಭಾಗದಲ್ಲಿ ಹೋಗುವ ಮೊಳೆಯ ಸದ್ದೇ ಬೇರೆ, ಮೆತ್ತಗೆ ಇಳಿದರೆ ಕೂಡಲೇ ಕಿತ್ತುಬಿಡುತ್ತಾನೆ. ಈ ಕಿವಿ ಒಂದು ದಿನದಲ್ಲಿ ಬರುವಂಥದ್ದಲ್ಲ.

ಈಗ ಆಗುತ್ತಿರುವುದೇನು? ಸಂತೆಯಲ್ಲಿ ಕೂರುತ್ತಿದ್ದ ನಾಲಬಂದರು ಕಡಿಮೆಯಾದರು. ಟ್ರ್ಯಾಕ್ಟರ್ ಬಂದಷ್ಟು ಎತ್ತು ಹೋದವು, ಎತ್ತು ಹೋದಷ್ಟು ಅವರ ಕೆಲಸ ಹೋಯಿತು. ಮಕ್ಕಳು ಗ್ಯಾರೇಜ್, ವೆಲ್ಡಿಂಗ್ ಅಂತ ಹೋದರು, ಹೋಗಬೇಡಿ ಅನ್ನಲು ನಮಗೆ ಬಾಯಿಲ್ಲ. ಆದರೆ ಉಳಿದ ಎತ್ತುಗಳು ಯಾರವು? ಟ್ರ್ಯಾಕ್ಟರ್ ಬಾಡಿಗೆ ಕೊಡಲಾಗದ ಎರಡು-ಮೂರು ಎಕರೆಯವರವು. ಅವರು ದೂರದ ಊರಿಗೆ ಎತ್ತು ಹೊಡೆದುಕೊಂಡು ಹೋಗಬೇಕು, ಇಲ್ಲವೇ ಊರಲ್ಲೇ ಯಾರೋ "ನನಗೂ ಬರ್ತದ" ಅಂದವನ ಕೈಗೆ ಕಾಲು ಕೊಡಬೇಕು. ಬಿತ್ತನೆ ಹೊತ್ತಿಗೆ ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ಇನ್ನೊಂದೂ ನಿಂತಂತೆಯೇ. ಮುಂಗಾರು ಹದ ಹತ್ತು ದಿನ ಕಾಯುವುದಿಲ್ಲ.

ಸರ್ಕಾರದ ಕಾಗದದಲ್ಲಿ ಈ ಕಸುಬಿನ ಸ್ಥಿತಿ ವಿಚಿತ್ರವಾಗಿದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ ಕೆಳಗೆ 1965ರಲ್ಲಿ ನಾಲು ಹೊಡೆಯುವವರಿಗೆ ಪರವಾನಗಿ ಕೊಡಲೆಂದೇ ಪ್ರತ್ಯೇಕ ನಿಯಮ ಮಾಡಿದ್ದಾರೆ. ಅಂದರೆ ತಪ್ಪಾಗಿ ನಾಲು ಹೊಡೆಯುವುದು ಹಿಂಸೆ, ಇದಕ್ಕೆ ಕಲಿತವರು ಬೇಕು ಅಂತ ಆಗಲೇ ಒಪ್ಪಿಕೊಂಡಂತೆ. ಅದೇ ವರ್ಷದ ಇನ್ನೊಂದು ನಿಯಮದ ಪ್ರಕಾರ ತಟ್ಟು ಕುದುರೆಯ ಮೇಲೆ 70 ಕಿಲೋಗಿಂತ ಹೆಚ್ಚು ಹೊರೆ ಹೇರುವಂತಿಲ್ಲ, ಕತ್ತೆಯ ಮೇಲೆ 50 ಕಿಲೋ. ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. 37 ಡಿಗ್ರಿ ಮೀರಿದ ಬಿಸಿಲಿನಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ರಾಯಚೂರಿನ ಬೇಸಿಗೆಗೆ ಈ ಕೊನೆಯ ನಿಯಮ ಹಚ್ಚಿದರೆ ಎರಡು-ಮೂರು ತಿಂಗಳು ಮಧ್ಯಾಹ್ನ ಒಂದು ಬಂಡಿಯೂ ರಸ್ತೆಯಲ್ಲಿ ಕಾಣಬಾರದು. ಕಾದ ಡಾಂಬರಿನ ಮೇಲೆ ಕಾಲಿಡುವುದು ಹೇಗಿರುತ್ತದೆ ಅಂತ ನೀವೇ ಒಮ್ಮೆ ಚಪ್ಪಲಿ ಬಿಟ್ಟು ನೋಡಿ.

ಇತ್ತ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ-1ರ ಪಟ್ಟಿಯಲ್ಲಿ ನಾಲಬಂದ್ ಅನ್ನುವ ಹೆಸರಿದೆ. ಜಾತಿ ಪಟ್ಟಿಗೆ ಈ ಕಸುಬು ಗೊತ್ತು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಿಗ, ಕಮ್ಮಾರ, ಕುಂಬಾರ, ಬೀಗ ಮಾಡುವವರು, ಹೂಮಾಲೆ ಕಟ್ಟುವವರು, ದೋಣಿ ಕಟ್ಟುವವರು ಎಲ್ಲ ಇದ್ದಾರೆ. ನಾಲು ಹೊಡೆಯುವವರು ಪ್ರತ್ಯೇಕವಾಗಿ ಇಲ್ಲ. ಕಮ್ಮಾರ ಅಂತ ಬರೆಸಿ ಅನ್ನುತ್ತಾರೆ. ಬರೆಸಬಹುದು. ಆದರೆ ಕಬ್ಬಿಣ ಬಡಿಯುವುದು ಬೇರೆ, ಜೀವ ಇರುವ ಕಾಲಿಗೆ ಕಬ್ಬಿಣ ಕೂಡಿಸುವುದು ಬೇರೆ. ಕಮ್ಮಾರರ ತರಬೇತಿಯಲ್ಲಿ ಗೊರಸಿನ ಪಾಠ ಎಲ್ಲಿಂದ ಬರಬೇಕು? 15 ಸಾವಿರದ ಸಲಕರಣೆ ಕಿಟ್‌ನಲ್ಲಿ ಗೊರಸು ಕತ್ತರಿಸುವ ಇಕ್ಕಳ ಯಾಕಿರಬೇಕು?

ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ನಮ್ಮದೇ ಕಲ್ಯಾಣ ಕರ್ನಾಟಕದ್ದು. ಉಳಿದಿರುವ ಹಿರಿಯ ನಾಲಬಂದರನ್ನೇ ಮೇಷ್ಟ್ರಾಗಿ ಕೂರಿಸಿ, ಜೊತೆಗೆ ಒಬ್ಬ ಪಶುವೈದ್ಯರನ್ನು ಕೊಟ್ಟು, ತಾಲ್ಲೂಕಿಗೆ ನಾಲ್ಕು ಹುಡುಗರಿಗೆ ಗೊರಸು ತಿದ್ದುವುದು, ನಾಲು ಹೊಡೆಯುವುದು ಕಲಿಸಲು ದೊಡ್ಡ ಕಟ್ಟಡ ಬೇಕಿಲ್ಲ. ಸಂತೆಯ ದಿನ ಒಂದು ಮರದ ನೆರಳು ಸಾಕು. ಕಲಿತವನು ನಾಲು ಹೊಡೆಯುವವನಷ್ಟೇ ಆಗಬಾರದು, "ಇದಕ್ಕೆ ನಾಲು ಬೇಡ, ತಿದ್ದಿದರ ಸಾಕು" ಅಂತ ಹೇಳುವ ಧೈರ್ಯ ಇರುವವನಾಗಬೇಕು. ಹಾಗೆ ಹೇಳಿದ್ದಕ್ಕೂ ಅವನಿಗೆ ಕೂಲಿ ಕೊಡುವ ಬುದ್ಧಿ ನಮಗೂ ಬರಬೇಕು. ಡಾಕ್ಟರ್ ಸೂಜಿ ಮಾಡದೆ ಕಳಿಸಿದರೆ ಫೀಸ್ ಕೊಡಲು ಗೊಣಗುವ ಜನ ನಾವು!

ಅಲ್ಲಿಯವರೆಗೆ ನೀವೇ ನೋಡಿಕೊಳ್ಳಬಹುದಾದದ್ದು ಒಂದಿಷ್ಟಿದೆ. ಕುದುರೆ ನಡೆಯುವಾಗ ತಲೆ ಮೇಲೆ-ಕೆಳಗೆ ಆಡಿಸುತ್ತಿದ್ದರೆ ಮುಂಗಾಲು ನೋಡಿ. ನೋವಿರುವ ಕಾಲು ನೆಲ ಮುಟ್ಟಿದಾಗ ತಲೆ ಮೇಲೆತ್ತುತ್ತದೆ, ಚೆನ್ನಾಗಿರುವ ಕಾಲು ಮುಟ್ಟಿದಾಗ ಇಳಿಸುತ್ತದೆ. ನಾಲ್ಕೂ ಗೊರಸಿನ ಮೇಲೆ ಅಂಗೈ ಇಟ್ಟು ನೋಡಿ, ಒಂದು ಉಳಿದವಕ್ಕಿಂತ ಬಿಸಿ ಇದ್ದರೆ ಒಳಗೆ ಏನೋ ನಡೆದಿದೆ. ನಾಲು ಇದ್ದರೆ ಆರೇಳು ವಾರಕ್ಕೊಮ್ಮೆ ಬಿಚ್ಚಿ, ಬೆಳೆದ ಗೊರಸು ತಿದ್ದಿ, ಮತ್ತೆ ಹೊಡೆಸಬೇಕು. ಸವೆದಿಲ್ಲ, ಇನ್ನೂ ಚೊಲೊ ಅದ ಅಂತ ನಾಲ್ಕು ತಿಂಗಳು ಬಿಟ್ಟರೆ ನಾಲು ಸವೆಯದಿದ್ದರೂ ಒಳಗೆ ಗೊರಸು ಬೆಳೆದು ಕಾಲಿನ ನಿಲುವೇ ಕೆಡುತ್ತದೆ. ಹೊರಗಿನಿಂದ ತಂದ ಕುದುರೆಯನ್ನು ಒಂದೆರಡು ತಿಂಗಳು ಮೆತ್ತನೆ ನೆಲದಲ್ಲಿ ನಡೆಸಿ, ಆಮೇಲೆ ಗುಡ್ಡಕ್ಕೆ ಒಯ್ಯಿರಿ.

ನಾಲು ಹೊಡೆಸಿದ ದಿನವೋ ಮರುದಿನವೋ ಜಾನುವಾರು ಕುಂಟಿದರೆ "ಹೊಸ ನಾಲು, ರೂಢಿ ಆಗ್ತದ" ಅಂತ ಕಾಯಬೇಡಿ. ಹೊಡೆದವರನ್ನೇ ಕರೆದು ಮೊಳೆ ಕೀಳಿಸಿ, ಯಾವ ಮೊಳೆ ಅಂತ ಗುರುತು ಇಟ್ಟುಕೊಳ್ಳಿ, ಉಪ್ಪು ಹಾಕಿದ ಬೆಚ್ಚನೆ ನೀರಿನಲ್ಲಿ ಕಾಲು ಇಳಿಸಿ. ತುಕ್ಕು ಹಿಡಿದ ಮೊಳೆಯ ಗಾಯದಿಂದ ಧನುರ್ವಾಯು ಬರುವುದು ಮನುಷ್ಯನಿಗಿಂತ ಕುದುರೆಗೆ ಬೇಗ, ಬಂದರೆ ಉಳಿಯುವುದು ಕಷ್ಟ. ಹೀಗಾಗಿ ಅವತ್ತೇ ಪಶು ಆಸ್ಪತ್ರೆಗೆ ಹೇಳಿ ಇಂಜೆಕ್ಷನ್ ಹಾಕಿಸಿ. ಕಾಲು ಊರಲಾಗದ ಜಾನುವಾರನ್ನು ನಡೆಸಿಕೊಂಡು ಹೋಗಬೇಕಿಲ್ಲ. 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಿ. ಬರಲು ತಡವಾದರೆ ಎಷ್ಟು ಹೊತ್ತಿಗೆ ಫೋನ್ ಮಾಡಿದಿರಿ, ಎಷ್ಟು ಹೊತ್ತಿಗೆ ಬಂತು ಅಂತ ಬರೆದಿಟ್ಟುಕೊಂಡು ನಮಗೆ ಕಳಿಸಿ.